ಸ್ವಚ್ಛಗೊಳಿಸಿದ ಧ್ವನಿ

೫ ನವೆಂಬರ್ ೨೦೨೩, ಭಾನುವಾರ

ಆಷಾಢದಲ್ಲಿ ಇವರಿಗೆ ಲಕ್ವಾ ಹೊಡೆದಾಗ, ಯಾವ ಮಾತ್ರೆ ಯಾವ ಹೊತ್ತಿಗೆ ಕೊಟ್ಟಿರಿ ಎಂದು ಬರೆದಿಡಿ ಎಂದಿದ್ದರು ಡಾಕ್ಟರು. ಮಗ ವಿರೇಶ ತಾನು ಕೆಲಸ ಮಾಡುವ ಅಕ್ಕಿ ಮಿಲ್ಲಿನ ಡೈರಿ ತಂದುಕೊಟ್ಟ. ನಾಲ್ಕು ತಿಂಗಳು ಮಾತ್ರೆ, ಅಂಬಲಿ, ಮೂತ್ರ, ಇಷ್ಟೇ ಬರೆದಿದ್ದೇನೆ. ಇವತ್ತು ಬೇರೆ ಬರೆಯುವುದಿದೆ.

ವಿರೇಶ ನಿನ್ನೆ ಲಿಂಗಸುಗೂರಿಗೆ ಹೋಗಿದ್ದ. ಅಲ್ಲಿ ಮುಚ್ಚುತ್ತಿರುವ ಪುಸ್ತಕದಂಗಡಿಯೊಂದರಲ್ಲಿ ಹಳೆಯ ಹಿಂದೂಸ್ತಾನಿ ಗಾಯನದ ಡಬ್ಬಿ ಸಿಕ್ಕಿತಂತೆ. ಇಪ್ಪತ್ತು ಸಿಡಿ, ಒಂದು ಹೊತ್ತಿನ ಊಟದ ದುಡ್ಡಿಗೆ. ಹದಿನಾಲ್ಕನೆಯದರ ಮೇಲೆ ಹೀಗಿದೆ: 'ಹಂಪಣ್ಣ ಮಾಸ್ತರ, ಸಿಂಧನೂರು. ಲಿಂಗಸುಗೂರಿನ ಬೈಠಕ್, ೧೯೮೬.' ಗಂಡನ ಹೆಸರು ನಾನು ಬಾಯಿಬಿಟ್ಟು ಹೇಳುವುದಿಲ್ಲ. ಡಬ್ಬಿಯ ಮೇಲಿದ್ದುದನ್ನು ನಕಲು ಮಾಡಿದರೆ ಹೇಳಿದ ಹಾಗಾಗುವುದಿಲ್ಲ.

ಆ ಬೈಠಕ್ ಹತ್ತಿ ವ್ಯಾಪಾರಿಯೊಬ್ಬರ ವಾಡೆಯಲ್ಲಿ ನಡೆದದ್ದು. ಅವರ ಹತ್ತಿರ ಟೇಪ್ ಮಷಿನ್ ಇತ್ತು. ನಮಗೂ ಆಗ ಒಂದು ನಕಲು ಕೊಟ್ಟಿದ್ದರು, ಆದರೆ ನಮ್ಮ ಟೇಪ್ ರೆಕಾರ್ಡರು ಕೆಟ್ಟು ಎಷ್ಟೋ ಕಾಲವಾಯಿತು. ಈಗ ಅವರ ಮೊಮ್ಮಕ್ಕಳು ಆ ಟೇಪುಗಳನ್ನೆಲ್ಲ ಯಾವುದೋ ಕಂಪನಿಗೆ ಕೊಟ್ಟಿದ್ದಾರೆ. ಡಬ್ಬಿಯ ಮೇಲೆ ತಬಲಾದವರ ಹೆಸರಿದೆ, ಹಾರ್ಮೋನಿಯಂ ಪೇಟಿಯವರ ಹೆಸರಿದೆ. ತಂಬೂರಿ ಮೀಟಿದವರದ್ದಿಲ್ಲ. ಮೀಟಿದವಳು ನಾನು. ಹೆಸರು ಬೇಕೆಂದು ಮೀಟಿದವಳಲ್ಲ, ಆ ಮಾತು ಬೇರೆ.

ನನಗೆ ಬೇಕಾದದ್ದು ಅದರೊಳಗೆ ಇನ್ನೊಂದಿದೆ. ಅವತ್ತು ಭೀಮಪಲಾಸ ರಾಗದ ನಡುವೆ ನನ್ನ ಪಂಚಮದ ತಂತಿ ಸಡಿಲವಾಯಿತು. ನಾನು ಹಾಡಿನಲ್ಲಿ ಮುಳುಗಿದ್ದೆ, ಗಮನಿಸಲಿಲ್ಲ. ಇವರು ಹಿಂದಿರುಗಿ ನೋಡದೆ ಮೆಲ್ಲಗೆ 'ಪಂಪಾ' ಅಂದರು. ನಾಲ್ಕು ಜನರ ಮುಂದೆ ಹೆಂಡತಿಯ ಹೆಸರು ಹಿಡಿದು ಕರೆದ ಗಂಡಸನ್ನು ಆ ಕಾಲದಲ್ಲಿ ಯಾರೂ ನೋಡಿರಲಿಲ್ಲ. ಸಭೆಯೆಲ್ಲ ನಕ್ಕಿತು. 'ಹಂಪಿಗೆ ಪಂಪಾ ಬಿಟ್ರ ಮತ್ತ್ಯಾರ್ರೀ ಗತಿ' ಎಂದು ಯಾರೋ ಕೂಗಿದರು. ಎರಡು ದಿನ ನಾನು ಇವರೊಂದಿಗೆ ಮಾತು ಬಿಟ್ಟಿದ್ದೆ.

ಈಗ ಇವರೇ ಮಾತು ಬಿಟ್ಟು ನಾಲ್ಕು ತಿಂಗಳು. ಇವರ ಬಾಯಲ್ಲಿ ನನ್ನ ಹೆಸರು ಉಳಿದಿರುವುದು ಅದೊಂದು ಕಡೆ.

೭ ನವೆಂಬರ್, ಮಂಗಳವಾರ

ಎದುರಿನ ರೇಡಿಯೋ ರಿಪೇರಿ ಅಂಗಡಿಯ ಖಾಜಾಸಾಬ್ ಹಳೆಯ ಸಿಡಿ ಪ್ಲೇಯರ್ ತಂದು ಜೋಡಿಸಿದ. ಮೂವತ್ತು ವರ್ಷದಿಂದ ನಮ್ಮ ಮನೆಯ ಟೇಪು, ರೇಡಿಯೋ ಎಲ್ಲ ಅವನ ಕೈಯಲ್ಲೇ. ಇವರ ಹತ್ತಿರ ಎರಡು ವರ್ಷ ಹಾಡೂ ಕಲಿತಿದ್ದ.

ಆಲಾಪ ಶುರುವಾಗಿ ಅರ್ಧ ನಿಮಿಷವಾಗಿರಲಿಲ್ಲ, ನಿಲ್ಲಿಸು ಅಂದೆ.

"ಯಾಕ್ರೀ ಅಮ್ಮಾರ?"

"ಸುರ ಏರೈತಿ."

ಇವರು ಯಾವತ್ತೂ ಹಾಡಿದ್ದು ಪೇಟಿಯ ಕಪ್ಪು ಒಂದನೆಯ ಮನೆಯಲ್ಲಿ. ಪೇಟಿ ತರಿಸಿ ಕಪ್ಪು ಒಂದು ಒತ್ತಿದೆ. ಡಬ್ಬಿಯಲ್ಲಿನ ದನಿ ಅದರ ಮೇಲಿನ ಬಿಳಿ ಎರಡಕ್ಕೆ ಕೂತಿತ್ತು. ಟೇಪನ್ನು ಬಿರುಸಾಗಿ ಓಡಿಸಿ ನಕಲು ಮಾಡಿದ್ದಾರೆ. ಇವರ ದನಿ ಹತ್ತು ವರ್ಷ ಚಿಕ್ಕ ಹುಡುಗನದಾಗಿದೆ. ಖಾಜಾಸಾಬ್ ಫೋನಿನಲ್ಲಿ ಏನೋ ಅಳೆದು ನೋಡಿ ಹಣೆಗೆ ಕೈ ಹಚ್ಚಿದ.

"ಖರೇ ಐತ್ರೀ. ಅರ್ಧ ಸುರ ಏರೈತಿ. ಕಂಪನಿ ಮಂದಿಗೆ ಗೊತ್ತಾಗಿಲ್ಲ, ನಿಮಗ ಗೊತ್ತಾತು. ನಿಮ್ಮ ಕಿವಿಗೆ ಸಲಾಂ ಅಮ್ಮಾರ."

ಹದಿನೈದನೆಯ ವರ್ಷಕ್ಕೆ ತಂಬೂರಿ ಹಿಡಿದ ಕಿವಿ ಇದು, ಎಸ್ಸೆಸ್ಸೆಲ್ಸಿ ಪಾಸಾಗುವ ಮೊದಲೇ. ಸಲಾಂ ಹೊಸದೇನಲ್ಲ.

ಆದರೆ ಸುರದ ತಪ್ಪು ಚಿಕ್ಕದು. ದೊಡ್ಡದು ಆಮೇಲೆ ಗೊತ್ತಾಯಿತು. ತಂಬೂರಿಯೇ ಇಲ್ಲ. ಒಂದು ಗಂಟೆಯ ಮುದ್ರಣದಲ್ಲಿ ತಂಬೂರಿಯ ಝೇಂಕಾರದ ಒಂದು ಎಳೆಯೂ ಇಲ್ಲ. ತಬಲಾದ ಎಡಗೈ ಮಾತ್ರ ಗುಮ್ ಗುಮ್ ಅನ್ನುತ್ತದೆ, ಬಲಗೈ ಬಟ್ಟೆ ಹೊದಿಸಿದ ಹಾಗಿದೆ. ಹಾಡಿದ ಬಂದಿಶಿನ ಅಕ್ಷರಗಳು ಕಲಸಿಹೋಗಿವೆ. ತಂತಿ ಸಡಿಲವಾದ ಜಾಗ ಬಂತು. ಇವರು ನಿಂತರು, ತಬಲಾ ನಿಂತಿತು, ಸಭೆ ನಕ್ಕಿತು. 'ಪಂಪಾ' ಇಲ್ಲ.

ಡಬ್ಬಿಯ ಬೆನ್ನಿಗೆ ದೊಡ್ಡ ಅಕ್ಷರದಲ್ಲಿ ಹಾಕಿದ್ದಾರೆ: 'ಗದ್ದಲ ತೆಗೆದು ಸ್ವಚ್ಛಗೊಳಿಸಿದ ಧ್ವನಿ.' ಯಾವುದು ಗದ್ದಲ? ನನ್ನ ತಂಬೂರಿಯೇ? ನನ್ನ ಹೆಸರೇ? ಕಸದ ಜೊತೆಗೆ ಗುಡಿಸಿ ಹಾಕಿದ್ದಾರೆ.

ಖಾಜಾಸಾಬನಿಗೆ ಹೇಳಿದೆ. ಅವನು ನನ್ನ ಮುಖ ನೋಡಿದ.

"ತಂಬೂರಿ ಐತಲ್ರೀ ಅಮ್ಮಾರ?" ಅಂದ. ಆಮೇಲೆ ಪ್ಲೇಯರಿನ ಕಡೆ ತಿರುಗಿ, "ಸಣ್ಣಾಗೈತಿ" ಅಂದ.

ರಿಪೇರಿಯವನಿಗೆ ಇಷ್ಟೇ ಗೊತ್ತಾಗುವುದು.

೧೬ ನವೆಂಬರ್, ಗುರುವಾರ

ದೀಪಾವಳಿ ಮುಗಿಯಿತು. ಹಬ್ಬವೆಂದು ನಾನು ಏನೂ ಮಾಡಲಿಲ್ಲ.

ಲಕ್ವಾ ಹೊಡೆದ ವಾರದಲ್ಲೇ ಇವರ ಎಡ ಮುಂಗೈಗೆ ಗೆಜ್ಜೆಸರ ಕಟ್ಟಿದ್ದೆ. ಕರುವಿನ ಕೊರಳಿಗೆ ಕಟ್ಟುವಂಥದ್ದು, ತೊಗಲಿನ ಪಟ್ಟಿಗೆ ಒಂಬತ್ತು ಹಿತ್ತಾಳೆ ಗೆಜ್ಜೆ. ನಾದಿನಿ ಸೂಗಮ್ಮ ಮಸ್ಕಿ ಸಂತೆಯಿಂದ ತಂದದ್ದು. ಬಲಗೈ ಹೋಗಿದೆ, ಎಡಗೈ ನೆಟ್ಟಗಿದೆ. ಒಮ್ಮೆ ಅಲುಗಿಸಿದರೆ ನೀರು, ಎರಡು ಸಲವಾದರೆ ಬಯಲಕಡೆ, ಬಿಡದೆ ಅಲುಗಿಸುತ್ತಿದ್ದರೆ ನಾನು ಬೇಕು. ಹಾಗೆ ಮಾತಾಗಿತ್ತು. ಮೊದಲ ಮೂರು ತಿಂಗಳು ಅಡುಗೆಮನೆಯಲ್ಲಿದ್ದರೂ ಹಿತ್ತಲಲ್ಲಿದ್ದರೂ ಓಡಿ ಬರುತ್ತಿದ್ದೆ. ಸೊಸೆ ಜಯಶ್ರೀಗೆ ಈ ಕೆಲಸ ನಾನು ಮುಟ್ಟಗೊಟ್ಟಿಲ್ಲ. ಗಂಡನ ಮೈ ತೊಳೆಯುವುದು ಹೆಂಡತಿಯ ಕೆಲಸ.

ಈ ತಿಂಗಳು ಇವರು ಕರೆಯುವುದು ಕಡಿಮೆಯಾಗಿದೆ. ಇವತ್ತು ಕರೆಯದೆಯೇ ಹಾಸಿಗೆ ಒದ್ದೆ ಮಾಡಿಕೊಂಡಿದ್ದರು. ಈ ವಾರದಲ್ಲಿ ಮೂರನೆಯ ಸಲ. ಸಿಟ್ಟು ಬಂತು, ಅಂದೆ.

"ಗೆಜ್ಜೆ ಕಟ್ಟಿದ್ದು ಅಂದಚಂದಕ್ಕೇನ್ರೀ? ಕೈ ಆಡಿಸಾಕ ಏನಾಗಿತ್ತು?"

ಕಣ್ಣು ತುಂಬಿಕೊಂಡರು. ಲಕ್ವಾ ಹೊಡೆದವರಿಗೆ ಸುಮ್ಮಸುಮ್ಮನೆ ಅಳು ಬರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ಬೇಳೆ ಸೀದುಹೋಯಿತು. ಜಯಶ್ರೀ ತಂದ ಹೊಸ ಕುಕ್ಕರು ಸೀಟಿ ಹಾಕುವುದಿಲ್ಲ. ಹಾಕ್ತೈತ್ರೀ ಅತ್ತೀ, ಐದು ಸಲ ಹಾಕಿತು ಅನ್ನುತ್ತಾಳೆ. ಕೇಳಿದ್ದರೆ ನೀನೇ ಬಂದು ಇಳಿಸಬೇಕಿತ್ತಲ್ಲ ಅಂದೆ. ತಳ ಹತ್ತಿದ ಕುಕ್ಕರು ಎತ್ತಿಕೊಂಡು ಹಿತ್ತಲಿಗೆ ಹೋದಳು.

೨೪ ನವೆಂಬರ್, ಶುಕ್ರವಾರ

ಕಂಪನಿಗೆ ಕಾಗದ ಬರೆದೆ. ಎರಡು ಪುಟ. ಒಂದು, ವೇಗ ತಪ್ಪಿದೆ. ಎರಡು, ಗದ್ದಲವೆಂದು ತಂಬೂರಿಯನ್ನು ತೆಗೆದಿದ್ದೀರಿ. ಮೂರು, ಗವಾಯಿಗಳು ನಡುವೆ ಆಡಿದ ಒಂದು ಮಾತನ್ನೂ ತೆಗೆದಿದ್ದೀರಿ. ಅಗ್ಗದ ಡಬ್ಬಿಯಾದರೇನು, ಒಳಗಿರುವವರು ಅಗ್ಗದವರಲ್ಲ. ಇಷ್ಟು ಬರೆದು ಸಹಿ ಮಾಡಿದೆ: ಪಂಪಮ್ಮ, ತಂಬೂರಿ.

ವಿರೇಶ ಅದನ್ನು ಫೋನಿನಲ್ಲಿ ಫೋಟೋ ತೆಗೆದು ಕಳಿಸಿದ. ಕಳಿಸುವಾಗ ಕಿರುಚಿ ಮಾತಾಡಿದ. ಇತ್ತೀಚೆಗೆ ಹೆತ್ತ ತಾಯಿಯ ಜೊತೆ ಅವನು ದನಿ ಇಳಿಸಿ ಮಾತಾಡಿದ್ದೇ ಇಲ್ಲ. ಅವನ ಹೆಂಡತಿಯದು ಅದರ ಉಲ್ಟಾ. ಬಾಯೊಳಗೇ ಮಾತು, ಕೇಳಿದರೆ 'ಏನಿಲ್ರೀ'. ಒಬ್ಬ ಕಿರುಚುತ್ತಾನೆ, ಒಬ್ಬಳು ಗೊಣಗುತ್ತಾಳೆ. ನೆಟ್ಟಗೆ ಮಾತಾಡುವವರು ಈ ಮನೆಯಲ್ಲಿ ಇವರೊಬ್ಬರೇ ಇದ್ದರು.

೨ ಡಿಸೆಂಬರ್, ಶನಿವಾರ

ಸೂಗಮ್ಮ ಅಣ್ಣನನ್ನು ನೋಡಲು ಮಸ್ಕಿಯಿಂದ ಬಂದಿದ್ದಳು. ಅವಳು ಹತ್ತು ವರ್ಷದಿಂದ ಕಿವುಡಿ. ಮೊನ್ನೆ ಲಿಂಗಸುಗೂರಿನ ಕ್ಯಾಂಪಿನಲ್ಲಿ ಕಿವಿಗೆ ಮಷಿನ್ ಹಾಕಿಸಿಕೊಂಡಿದ್ದಾಳೆ. ಹೊಸ ಓಲೆ ತೋರಿಸುವವಳ ಹಾಗೆ ಸೆರಗು ಸರಿಸಿ ತೋರಿಸಿದಳು.

"ಈಗ ಗೋಡೆ ಆಚೆಗೆ ಸೊಸಿ ಬೈದ್ರೂ ಕೇಳಸ್ತೈತಿ ನೋಡು ವೈನಿ. ಮೊದಲೇ ಛಲೋ ಇತ್ತು!" ಎಂದು ನಗುತ್ತಾಳೆ.

ಚಹಾ ಕುಡಿಯುತ್ತ ಕೂತಿದ್ದೆವು. ಅವಳು ಒಮ್ಮೆಲೇ ಬಸಿ ಕೆಳಗಿಟ್ಟಳು.

"ಅಣ್ಣ ಕರ್ಯಾಕತ್ತಾನ."

"ಇಲ್ಲ, ಮಲಗ್ಯಾರ."

"ಗೆಜ್ಜಿ ಸಪ್ಪಳಾಕತ್ತೈತಿ ವೈನಿ. ನಿನಗ ಕೇಳವಲ್ದೇನು?"

ನಾನು ಉತ್ತರ ಕೊಡುವುದರೊಳಗೆ ಎದ್ದು ಹೋದಳು. ಲೋಟದಲ್ಲಿ ನೀರು ಕುಡಿಸಿ ಬಂದಳು. ನೀರು ಬೇಕಿತ್ತಂತೆ. ನೀರು ಯಾವಾಗ ಕೊಟ್ಟರೂ ಇವರು ಕುಡಿಯುತ್ತಾರೆ, ಅದರಲ್ಲೇನು ವಿಶೇಷ. ಮಷಿನ್ ಹಾಕಿಕೊಂಡವರಿಗೆ ಇಲ್ಲದ ಸಪ್ಪಳವೂ ಕೇಳುತ್ತದೆ.

ಹೋಗುವಾಗ ನನ್ನ ಕೈ ಹಿಡಿದು, ಮುಖದ ಹತ್ತಿರ ಮುಖ ತಂದು ಅಂದಳು.

"ವೈನಿ, ಕ್ಯಾಂಪ್ ಇನ್ನೊಂದು ವಾರ ಐತಿ. ನೀನೂ ಒಂದ್ಸಲ ತೋರಿಸ್ಕೋ. ನಾನೂ ನಿನ್ನಂಗ ಮಂದಿಗೇ ಬೈತಿದ್ದೆ, ಸರಿ ಮಾತಾಡವಲ್ರು ಅಂತ."

"ಅರ್ಧ ಸುರ ಏರಿದ್ದನ್ನ ಕಂಪನಿ ಹಿಡೀಲಿಲ್ಲ, ನಾನು ಹಿಡದೀನಿ," ಅಂದೆ. "ನಿನ್ನ ಕಿವಿ ನೀನು ನೋಡ್ಕೋ."

ಇವಳಿಗೆ ಸುರವೆಂದರೆ ಏನು ಗೊತ್ತು. ಹುಟ್ಟಿದ್ದು ಗವಾಯಿಯ ಮನೆಯಲ್ಲಿ, ಜೋಗುಳ ಹಾಡಿದರೂ ಬೇಸುರ.

೬ ಡಿಸೆಂಬರ್, ಬುಧವಾರ

ಹಾಸಿಗೆ ಒದ್ದೆ. ಬೆನ್ನಿಗೆ ಹುಣ್ಣು ಬಿದ್ದಿದೆ, ರೂಪಾಯಿಯಷ್ಟಗಲ. ಪುಡಿ ಹಾಕಿದೆ.

ಈ ವರ್ಷ ಅಂಗಳಕ್ಕೆ ಗುಬ್ಬಿ ಬಂದಿಲ್ಲ. ಮಿಲ್ಲಿನ ಗುಡುಗು ಮಾತ್ರ ಹಗಲಿಡೀ ಎದೆಯೊಳಗೆ ಕೇಳುತ್ತದೆ.

೧೨ ಡಿಸೆಂಬರ್, ಮಂಗಳವಾರ

ಹೊಸ ಲಕ್ಷಣ. ಇವರ ಎಡಗೈಗೆ ನಡುಕ ಶುರುವಾಗಿದೆ. ಬೆಳಿಗ್ಗೆ ಅಂಬಲಿ ತೆಗೆದುಕೊಂಡು ಹೋದಾಗ ನೋಡಿದೆ, ಕೈ ಹಾಸಿಗೆಯ ಮೇಲೆ ಎದ್ದೆದ್ದು ಬೀಳುತ್ತಿತ್ತು. ಕಾಣುವಷ್ಟು ನಡುಗುತ್ತದೆ, ಆದರೆ ಗೆಜ್ಜೆ ನುಡಿಸುವಷ್ಟು ಬಲ ಆ ಕೈಯಲ್ಲಿ ಉಳಿದಿಲ್ಲ. ಇದ್ದ ಒಂದು ಕೈಯೂ ಹೋಗುತ್ತಿದೆ.

ಡಾಕ್ಟರನ್ನು ಮನೆಗೇ ಕರೆಸಿದೆ. ಹೊಸಬ, ಇನ್ನೂ ಮೀಸೆ ಬಲಿತಿಲ್ಲ. ಇವರ ಕೈ ಹಿಡಿದು ನೋಡಿದ, ಬೆರಳು ಒತ್ತಿಸಿ ನೋಡಿದ.

"ಕೈ ಗಟ್ಟಿ ಐತ್ರೀ ಅಜ್ಜಿ. ಇದು ನಡುಕ ಅಲ್ಲ. ಅವರೇ ಅಲುಗಸಾಕತ್ತಾರ."

ಆಮೇಲೆ ಬಾಯಿಗೆ ಮಾಸ್ಕ್ ಏರಿಸಿ ಬೆನ್ನಿನ ಹುಣ್ಣು ತೊಳೆಯುತ್ತ ನನ್ನ ಕಡೆ ನೋಡಿ ಏನೋ ಕೇಳಿದ. ಆಗಲಿ ಅಂದೆ. ಅವನು ಜಯಶ್ರೀಯ ಮುಖ ನೋಡಿದ, ಜಯಶ್ರೀ ನೆಲ ನೋಡಿದಳು. ಬಾಯಿ ಮುಚ್ಚಿಕೊಂಡು ಮಾತಾಡಿದರೆ ಯಾರಿಗೆ ಕೇಳುತ್ತದೆ? ನಡುಕಕ್ಕೆ ಮಾತ್ರೆ ಬರೆಯಲೇ ಇಲ್ಲ.

೧೪ ಡಿಸೆಂಬರ್, ಗುರುವಾರ

ಮಾತ್ರೆ ಇಲ್ಲದಿದ್ದರೆ ಬೇಡ. ನಡುಕ ಶುರುವಾದಾಗ ನಾನೇ ಹೋಗಿ ಇವರ ಮುಂಗೈಯನ್ನು ಎರಡೂ ಕೈಯಿಂದ ಹಿಡಿದು, ಹಾಸಿಗೆಗೆ ಒತ್ತಿ ಕೂರುತ್ತೇನೆ. ಮೊದಲು ಇನ್ನೂ ಜೋರಾಗಿ ನಡುಗುತ್ತದೆ. ಬಿಡುವುದಿಲ್ಲ. ಇವತ್ತು ಕಾಲು ತಾಸು ಹಿಡಿದಿದ್ದೆ. ಕೊನೆಗೆ ನಿಂತಿತು. ಇವರು ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿದರು.

ಎಷ್ಟು ವರ್ಷವಾಗಿತ್ತು ಹೀಗೆ ಕೈ ಹಿಡಿದು ಕೂತು.

೨೩ ಡಿಸೆಂಬರ್, ಶನಿವಾರ

ಕಂಪನಿಯ ಉತ್ತರ ಬಂತು. ವೇಗ ತಪ್ಪಿದ್ದು ನಿಜವಂತೆ, ನಮ್ಮ ಗಮನಕ್ಕೆ ತಂದಿದ್ದಕ್ಕೆ ಧನ್ಯವಾದವಂತೆ. ಆದರೆ ಟೇಪಿನ ಸುಯ್ ಎನ್ನುವ ಸದ್ದು ಬಿಟ್ಟು ಬೇರೇನನ್ನೂ ತೆಗೆದಿಲ್ಲ, ತಂಬೂರಿಯೂ ಇದೆ, ಮಾತೂ ಇದೆಯಂತೆ. ಸುಳ್ಳು ಹೇಳುವವರೇ ಮೊದಲು ಒಂದು ನಿಜ ಒಪ್ಪಿಕೊಳ್ಳುತ್ತಾರೆ.

ಹಾಗಾದರೆ ನಮ್ಮ ಕ್ಯಾಸೆಟ್ಟಿನಿಂದಲೇ ಸಾಬೀತು ಮಾಡೋಣವೆಂದು ಟ್ರಂಕಿನಿಂದ ತೆಗೆದೆ. ಆ ಬೈಠಕ್ಕಿನ ಮರುವಾರವೇ ವ್ಯಾಪಾರಿಗಳು ನಕಲು ಮಾಡಿ ಕೊಟ್ಟದ್ದು, ಯಾರೂ ಸ್ವಚ್ಛ ಮಾಡದ್ದು. ಖಾಜಾಸಾಬ್ ನಮ್ಮ ಕೆಟ್ಟ ಟೇಪ್ ರೆಕಾರ್ಡರಿಗೆ ಬೆಲ್ಟು ಹಾಕಿ, ಹೆಡ್ಡು ಒರೆಸಿ ತಂದ. ಹಾಕಿದ. ಸುರ ಸರಿಯಾಗಿ ಕಪ್ಪು ಒಂದಕ್ಕೆ ಕೂತಿತು. ಇವರ ದನಿ ಇವರದೇ ದನಿಯಾಗಿತ್ತು. ಆದರೆ ಅದರಲ್ಲೂ ತಂಬೂರಿ ಇಲ್ಲ. ಹೆಸರೂ ಇಲ್ಲ.

ಮೂವತ್ತೇಳು ವರ್ಷ ಟ್ರಂಕಿನಲ್ಲಿದ್ದು ಟೇಪು ಸವೆದಿದೆ ಅಂದೆ. ಖಾಜಾಸಾಬ್ ಟೇಪು ನಿಲ್ಲಿಸಿದ. ಅವನ ಕಣ್ಣು ಕೆಂಪಾಗಿತ್ತು.

"ಅಮ್ಮಾರ, ಸಿಟ್ಟಾಗಬ್ಯಾಡ್ರಿ. ತಂಬೂರಿ ಜೇನುಹುಳದಂಗ ತುಂಬ್ಯಾದ ಇದರಾಗ. ಮಾಸ್ತರು ನಿಮ್ಮ ಹೆಸರು ಹಿಡಿದು ಕರೆದಿದ್ದೂ ಐತಿ. ನಾ ಈಗಷ್ಟ ಕೇಳೀನಿ. ಟೇಪು ಸವದಿಲ್ರೀ. ನಿಮ್ಮ..."

"ನನ್ನ ಏನು?"

"ಅಂಗಡಿ ತನಕ ಗೆಜ್ಜಿ ಸಪ್ಪಳ ಬರ್ತದ್ರೀ ದಿನಾ. ಮಾಸ್ತರು ಎಷ್ಟೊತ್ತು ಕರೀತಾರ ಗೊತ್ತೇನ್ರೀ ನಿಮಗ?"

ಎದುರಿನವನೊಬ್ಬ ನಮ್ಮ ಮನೆಯ ಸಪ್ಪಳಕ್ಕೆ ಕಿವಿ ಇಟ್ಟು ಕೂರುತ್ತಾನೆ ಎಂದ ಹಾಗಾಯಿತು. ಇನ್ನು ಮೇಲೆ ನಮ್ಮ ಹೊಸ್ತಿಲು ತುಳಿಯಬೇಡ ಅಂದೆ. ಟೇಪ್ ರೆಕಾರ್ಡರು ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದ.

ಜಯಶ್ರೀ ಬಾಗಿಲಲ್ಲಿ ನಿಂತಿದ್ದಳು. ಇಬ್ಬರೂ ಸೇರಿ ಮಾತಾಡಿಕೊಂಡಿದ್ದಾರೆ, ಸಂಶಯವಿಲ್ಲ.

೩ ಜನವರಿ ೨೦೨೪, ಬುಧವಾರ

ನಾಳೆ ಮಸ್ಕಿಯಲ್ಲಿ ಸೂಗಮ್ಮನ ಮೊಮ್ಮಗಳಿಗೆ ಕುಬುಸ. ಮನೆಯಿಂದ ಒಬ್ಬ ಹೆಂಗಸಾದರೂ ಹೋಗಿ ಬಸುರಿಗೆ ಉಡಿ ತುಂಬಿ ಬರಬೇಕು. ಜಯಶ್ರೀ ಹೋಗುವುದಿಲ್ಲವೆಂದು ಹಟ ಹಿಡಿದಳು. ವಿರೇಶನಿಗೆ ಸುಗ್ಗಿ, ಮಿಲ್ಲು ಬಿಟ್ಟು ಬರಲಾಗುವುದಿಲ್ಲ.

"ಮಾವಾರ ಹತ್ರ ಯಾರಿರ್ತಾರ್ರೀ ಅತ್ತೀ?"

"ನಾ ಏನು ಸತ್ತೀನೇನು?"

"ಹಂಗಲ್ರೀ. ನಾ ಇದ್ರ... ಅವರು ಕರೆದ್ರ..."

"ಕರೆದ್ರ ನನಗ ಕೇಳೂದಿಲ್ಲ ಅಂತೀ?"

ತುಟಿ ಅಲುಗಿತು, ಮಾತು ಹೊರಡಲಿಲ್ಲ. ಐವತ್ತು ವರ್ಷ ಹತ್ತಿರಾಯಿತು ಈ ಸಂಸಾರಕ್ಕೆ. ಸಭೆಯಲ್ಲಿ ಇವರು ಉಸಿರು ಎಲ್ಲಿ ಎಳೆಯುತ್ತಾರೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದವಳು ನಾನು. ನಾಳೆ ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗು ಎಂದು ಹೇಳಿದ್ದೇನೆ. ಹೋಗುತ್ತಾಳೆ. ಈ ಮನೆಯಲ್ಲಿ ನನ್ನ ಮಾತು ಇನ್ನೂ ನಡೆಯುತ್ತದೆ.

೪ ಜನವರಿ, ಗುರುವಾರ

ಬೆಳಿಗ್ಗೆ ಹನ್ನೊಂದು. ಮನೆಯಲ್ಲಿ ಇವರು, ನಾನು. ಒಂಬತ್ತೂವರೆಗೆ ಅಂಬಲಿ ಕುಡಿಸಿದೆ, ಪೂರ್ತಿ ಕುಡಿದರು. ಬಾಯಿ ಒರೆಸಿದೆ. ಬೀದಿಯ ಕಡೆಯ ಕಿಟಕಿ ತೆಗೆದು, ಬೆಳಕು ಬೀಳುವ ಹಾಗೆ ಪರದೆ ಸರಿಸಿ ಬಂದೆ.

ಆಮೇಲೆ ಪಡಸಾಲೆಯಲ್ಲಿ ಕ್ಯಾಸೆಟ್ ಹಾಕಿಕೊಂಡು ಕೂತೆ. ತಂತಿ ಸಡಿಲವಾಗುವ ಜಾಗ ಎಲ್ಲಿ ಬರುತ್ತದೆ ಎಂದು ನನಗೆ ಈಗ ಬಾಯಿಪಾಠ. ನಿಲ್ಲಿಸುವುದು, ಹಿಂದಕ್ಕೆ ಓಡಿಸುವುದು, ಮತ್ತೆ ಕೇಳುವುದು. ಇಪ್ಪತ್ತು ಸಲವಾದರೂ ಆಗಿರಬೇಕು. ಕೊನೆಗೆ ಸ್ಪೀಕರಿಗೆ ಕಿವಿಯನ್ನೇ ಒತ್ತಿಕೊಂಡೆ. ಆಗ 'ಪಂ' ಎನ್ನುವಷ್ಟು, ಕೇಳಿಸಿತೋ ಕೆನ್ನೆಗೆ ತಾಗಿತೋ ಗೊತ್ತಾಗಲಿಲ್ಲ, ಆದರೆ ಇತ್ತು. ಮೈ ಝುಮ್ಮೆಂದಿತು. ಯಾರಾದರೂ ಇದ್ದಿದ್ದರೆ ತೋರಿಸುತ್ತಿದ್ದೆ.

ಮನೆ ಇಷ್ಟು ಶಾಂತವಾಗಿ ಎಷ್ಟು ದಿನವಾಗಿತ್ತು. ಗೆಜ್ಜೆ ಒಂದು ಸಲವೂ ನುಡಿದಿಲ್ಲ. ಇವರಿಗೆ ಒಳ್ಳೆಯ ನಿದ್ದೆ ಹತ್ತಿದೆ. ಎದ್ದ ಮೇಲೆ ಇಲ್ಲಿಗೇ ತಂದು ಕೂರಿಸಿ ಇದನ್ನು ಕೇಳಿಸಬೇಕು, ಅವತ್ತು ಮಾತು ಬಿಟ್ಟದ್ದು ಸುಮ್ಮನೆ ಬಿಂಕಕ್ಕೆ ಎಂದು ಹೇಳಬೇಕು.

ಖಾಜಾಸಾಬ್ ಚಪ್ಪಲಿ ಕಾಲಲ್ಲೇ ಒಳಗೆ

೯ ಜನವರಿ, ಮಂಗಳವಾರ

ಶುಕ್ರವಾರ ಮಣ್ಣು ಮಾಡಿದರು.

ಅಂಬಲಿ ವಾಂತಿಯಾಗಿ ಉಸಿರಿಗೆ ಅಡ್ಡ ಬಂದಿತ್ತು. ಮಂಚದಿಂದ ಅರ್ಧ ಜಾರಿದ್ದರು, ತಲೆ ಕೆಳಗೆ, ಎಡಗೈ ಕಿಟಕಿಯ ಸರಳಿನ ಕಡೆ. ಖಾಜಾಸಾಬ್ ಎತ್ತಿ ಕೂರಿಸಿದ, ಬಾಯಿ ಬಳಿದ, ಆಟೋ ತರಿಸಿದ. ಆಸ್ಪತ್ರೆಯ ಬಾಗಿಲಿಗೆ ಹೋಗುವುದರೊಳಗೆ ಮುಗಿದಿತ್ತು.

ಸಮಾಧಿಗೆ ಕೂರಿಸುವ ಮೊದಲು ಜಯಶ್ರೀ ಗೆಜ್ಜೆಸರ ಬಿಚ್ಚಿದಳು. ಮುಂಗೈ ಸುತ್ತ ತೊಗಲು ಉಜ್ಜಿ ಹುಣ್ಣಾಗಿತ್ತು. ಆ ಹುಣ್ಣು ನಾನು ನೋಡಿರಲಿಲ್ಲ. ದಿನಾ ಹಿಡಿದ ಕೈ.

ಇವತ್ತು ಖಾಜಾಸಾಬ್ ಬಂದು ಅಂಗಳದಲ್ಲೇ ನಿಂತ. ಒಳಗೆ ಕರೆದೆ. ಹೊಸ್ತಿಲಾಚೆಯೇ ಕೂತ. ಅವತ್ತು ಯಾಕೆ ಬಂದೆ ಎಂದು ಕೇಳಿದೆ. ನನ್ನ ಮುಖಕ್ಕೆ ನೇರವಾಗಿ ನೋಡಿ, ಒಂದೊಂದೇ ಮಾತು ಬಿಡಿಸಿ ಹೇಳಿದ.

"ಅರ್ಧ ತಾಸು ಗೆಜ್ಜಿ ಬಿಡದಂಗ ಸಪ್ಪಳಾಗ್ತಿತ್ರೀ ಅಮ್ಮಾರ. ನೀವು ಒಳಗ ಅದೀರಿ, ನನಗ ಬರಬ್ಯಾಡ ಅಂದೀರಿ ಅಂತ ಸುಮ್ನ ಕುಂತೆ. ಆಮ್ಯಾಲ ಸಪ್ಪಳ ನಿಂತ್ತು. ನಿಂತದ್ದಕ್ಕ ಓಡಿ ಬಂದೆ."

ಅಷ್ಟು ಹೇಳಿ ಅಳಲು ಶುರು ಮಾಡಿದ. ಅರವತ್ತರ ಗಂಡಸು. ಅವನ ಮೇಲೆ ನನಗೆ ಸಿಟ್ಟಿಲ್ಲ. ತಪ್ಪು ಕೇಳಿರಬೇಕು. ಸುಗ್ಗಿಯ ದಿನ, ಬೀದಿಯಲ್ಲಿ ಎತ್ತಿನ ಗಾಡಿ ಹೋಗಿರಬೇಕು.

೧೦ ಜನವರಿ, ಬುಧವಾರ

ಬಿಡದೆ ಅಲುಗಿಸಿದರೆ ನಾನು ಬೇಕು ಎಂದು ಅರ್ಥ. ಹಾಗೆ ಮಾತಾಗಿತ್ತು.

೧೭ ಜನವರಿ, ಬುಧವಾರ

ಬಂದ ನೆಂಟರೆಲ್ಲ ಹೋದರು. ಸೂಗಮ್ಮ ಹೋಗುವಾಗ ನನ್ನ ತಲೆ ನೇವರಿಸಿದಳು. ನನಗಿಂತ ಆರು ವರ್ಷ ಚಿಕ್ಕವಳು.

ಸಂಜೆ ಕ್ಯಾಸೆಟ್ ಹಾಕಿದೆ. ಸ್ಪೀಕರಿಗೆ ಕೆನ್ನೆ ಒತ್ತಿದೆ. ಜಯಶ್ರೀ ಬಂದು ಎದುರಿಗೆ ಕೂತಳು. ಇತ್ತೀಚೆಗೆ ಅವಳು ಎದುರಿಗೆ ಕೂತು, ತುಟಿ ಕಾಣುವ ಹಾಗೆ ಮಾತಾಡುತ್ತಾಳೆ. ಗೊಣಗುವುದು ಬಿಟ್ಟಿದ್ದಾಳೆ. ಸಾವಿನ ಮನೆಯಲ್ಲಾದರೂ ಮನುಷ್ಯರು ಸುಧಾರಿಸುತ್ತಾರೆ.

ತಂತಿ ಸಡಿಲವಾಗುವ ಜಾಗ ಬಂದಾಗ ಅವಳು ಕೈ ಎತ್ತಿದಳು.

"ಇಲ್ಲಿ ನೋಡ್ರೀ ಅತ್ತೀ. ಕರೆದ್ರು. ಮತ್ತೊಮ್ಮೆ ಕರೆದ್ರು. ಎರಡು ಸಲ ಐತ್ರೀ. ಮೊದಲನೇದು ಭಾಳ ಸಣ್ಣಗ ಐತಿ, ಎರಡನೇದು ಜೋರ್."

"ಒಂದೇ ಸಲ ಕರೆದದ್ದು," ಅಂದೆ. "ನಾನಲ್ಲೇನು ಅಲ್ಲಿದ್ದಾಕಿ?"

"ಎರಡು ಸಲ್ರೀ. ಮೊದಲನೇದು ಯಾರಿಗೂ ಕೇಳಿಲ್ಲ, ಮಂದಿ ನಕ್ಕಿಲ್ಲ. ಎರಡನೇದಕ್ಕ ನಕ್ಕಾರ."

ನಾನು ನಿಲ್ಲಿಸಿ ಎದ್ದೆ.

ಅವತ್ತು ಬರೀ ಮೂವತ್ಮೂರು ನನಗೆ. ಕಿವಿ ನೆಟ್ಟಗಿತ್ತು.

೨೧ ಜನವರಿ, ಭಾನುವಾರ

ಇವರ ಕೋಣೆ ಸಾರಿಸಿದರು. ಮಂಚ ಮಡಚಿ ಅಟ್ಟಕ್ಕೆ ಹಾಕಿದರು. ಕಿಟಕಿಯ ಗೂಡಿನಲ್ಲಿ ಗೆಜ್ಜೆಸರ ಇತ್ತು. ಜಯಶ್ರೀ ಹುಣಸೆಹಣ್ಣು ಹಚ್ಚಿ ತೊಳೆದಿಟ್ಟಿದ್ದಾಳೆ, ಹಿತ್ತಾಳೆ ಹೊಸದರ ಹಾಗೆ ಹೊಳೆಯುತ್ತದೆ.

ಯಾರೂ ಇರಲಿಲ್ಲ. ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಗೆಜ್ಜೆಸರವನ್ನು ಬಲಗಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿದೆ. ಎಡಗಿವಿಯ ಹತ್ತಿರ ಅಲುಗಿಸಿದೆ. ತೊಳೆಯುವಾಗ ಒಳಗಿನ ಗುಂಡು ಬಿದ್ದುಹೋಗಿರಬೇಕು ಎಂದುಕೊಂಡು ಬೆಳಕಿಗೆ ಹಿಡಿದು ಒಂದೊಂದರ ಸೀಳಿನಲ್ಲೂ ಇಣುಕಿದೆ. ಒಂಬತ್ತರಲ್ಲೂ ಗುಂಡಿತ್ತು. ಅಲುಗಿಸಿದರೆ ಒಳಗೆ ಓಡಾಡುವುದು ಕಾಣುತ್ತದೆ.

ಗೆಜ್ಜೆಯನ್ನೂ ಸ್ವಚ್ಛ ಮಾಡಿಬಿಟ್ಟಿದ್ದಾರೆ ಅಂದುಕೊಂಡೆ. ಅಂದುಕೊಂಡದ್ದನ್ನು ಇಲ್ಲಿ ಬರೆದೆ, ಈಗ ಓದಿದರೆ ಹೇಗೋ ಅನ್ನಿಸುತ್ತದೆ.

ಇನ್ನೊಂದು ಸಲ, ಕೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಅಲುಗಿಸಿದೆ. ಬಿಡದೆ ಅಲುಗಿಸಿದೆ.

ಬಾಗಿಲು ತೆರೆಯಿತು. ಜಯಶ್ರೀ ಹಿತ್ತಲಿನಿಂದ ಓಡಿ ಬಂದಿದ್ದಳು. ಮೊಣಕೈ ತನಕ ಸಾಬೂನಿನ ನೊರೆ, ಮುಖ ಬಿಳಿಚಿತ್ತು, ಏದುಸಿರು. ಮಂಚವಿದ್ದ ಜಾಗವನ್ನು ನೋಡಿದಳು, ಆಮೇಲೆ ನನ್ನ ಕೈಯನ್ನು.

"ಕರೆದ್ರೇನ್ರೀ ಅತ್ತೀ?"

ನಾನು ಕರೆದಿರಲಿಲ್ಲ.